ಹಳೆಯ ಹಾಯಿ ಬೋಟ್ ಕೊಂಡು ಅದರಲ್ಲೇ ಇರಬಹುದಾ? ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಓದುಗರಿಗೆ ಉತ್ತರ

ಪ್ರಶ್ನೆ: ನಾವು ಗಂಡ ಹೆಂಡತಿ ಫ್ರೀಮಾಂಟ್‌ನಲ್ಲಿದ್ದೇವೆ. ಊರು ಗಂಗೊಳ್ಳಿ ಹತ್ತಿರ. ಇಬ್ಬರಿಗೂ ಐವತ್ತರ ಆಸುಪಾಸು, ಗ್ರೀನ್ ಕಾರ್ಡ್ ಇದೆ. ಮಗಳು ಓದಲು ಬೇರೆ ಊರಿಗೆ ಹೋದಳು, ರಜೆಗೆ ಬರುತ್ತಾಳೆ. ಒಂದು ಹಳೆಯ ಹಾಯಿ ಬೋಟ್ ಕೊಂಡು ಅದರಲ್ಲೇ ಇರಬೇಕು, ಬಿಡುವಾದಾಗ ಹಾಫ್ ಮೂನ್ ಬೇ, ಮಾಂಟೆರೆ ಕಡೆ ಕರಾವಳಿ ಹಿಡಿದು ಹೋಗಬೇಕು ಅಂತ ಆಸೆ. ಹಾಯಿ ನಡೆಸುವ ಮೊದಲ ಹಂತದ ಕೋರ್ಸ್ ಇಬ್ಬರೂ ಮುಗಿಸಿದ್ದೇವೆ. ಎರಡು ಬೋಟ್ ನೋಡಿಟ್ಟಿದ್ದೇವೆ. ಒಂದು 1984ರ ಕ್ಯಾಟಲೀನಾ 30, ಕೇಳುವ ಬೆಲೆ 14,000 ಡಾಲರ್. ಇನ್ನೊಂದು 1976ರ ಮಾರ್ಗನ್ ಔಟ್ ಐಲ್ಯಾಂಡ್ 41, ಎರಡು ಮಾಸ್ಟಿನದು, ಅಂದರೆ ಹಾಯಿ ಕಟ್ಟುವ ಕಂಬ ಎರಡು, 28,000 ಡಾಲರ್. ಯಾವುದನ್ನು ತಗೊಳ್ಳೋಣ? ಈಗಲೇ ತಗೊಳ್ಳಬೇಕಾ, ಚಳಿಗಾಲ ಕಳೆಯಲಿ ಅಂತ ಕಾಯಬೇಕಾ?

ಉತ್ತರ: ಮಾರ್ಗನ್ ಬೇಡ. ಕ್ಯಾಟಲೀನಾ ಆಗಬಹುದು, ಆದರೆ ಮುಂದೆ ಹೇಳುವ ಕೆಲವು ಜಾಗಗಳನ್ನು ನೋಡಿದ ಮೇಲೆ ಮಾತ್ರ. ಇವೆರಡಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಬೋಟ್‌ನಲ್ಲಿ ವಾಸ ಮಾಡಲು ಒಪ್ಪುವ ಮರೀನಾ, ಅಂದರೆ ಬಾಡಿಗೆಗೆ ಬೋಟ್ ಕಟ್ಟಿಡುವ ಸಣ್ಣ ಬಂದರು, ಹುಡುಕಿ, ಆ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ. ನೀವು ಕೇಳಿದ್ದು ಬೋಟ್ ಬಗ್ಗೆ, ನಿಜ. ಆದರೆ ಈ ಕೊಲ್ಲಿಯಲ್ಲಿ ಬೋಟ್ ಸಿಗುವುದು ಸುಲಭ, ಅದರಲ್ಲಿ ಇರಲು ಜಾಗ ಸಿಗುವುದೇ ಕಷ್ಟ. ಎಷ್ಟೋ ಜನ ಮೊದಲು ಬೋಟ್ ಕೊಂಡು, ಆಮೇಲೆ ಅದನ್ನು ಎಲ್ಲಿ ಕಟ್ಟುವುದು ಅಂತ ಅಲೆಯುತ್ತಾರೆ.

ಇದಕ್ಕೆ ಕಾರಣ ಇದೆ. 1950–60ರ ದಶಕದಲ್ಲಿ ಈ ಕೊಲ್ಲಿಗೆ ಮಣ್ಣು ತುಂಬಿ ನೆಲ ಮಾಡಿಕೊಳ್ಳುವುದು ಜೋರಾಗಿ ನಡೆದಿತ್ತು. ಅದನ್ನು ತಡೆಯಲು ಕ್ಯಾಲಿಫೋರ್ನಿಯಾ 1965ರಲ್ಲಿ ಕಾನೂನು ಮಾಡಿ ಒಂದು ಆಯೋಗವನ್ನು ಕಟ್ಟಿತು. ಎಲ್ಲರೂ ಅದನ್ನು ಬಿಸಿಡಿಸಿ ಅನ್ನುತ್ತಾರೆ. ನೀರು ಎಲ್ಲರ ಸೊತ್ತು, ಅಲ್ಲಿ ಒಬ್ಬರ ಮನೆ ಕೂರಬಾರದು ಎನ್ನುವುದು ಅದರ ನಿಲುವು. ಮನೆಯಾಗಿ ಬಳಸುವ ಬೋಟನ್ನೂ ಅದು ಕೊಲ್ಲಿಯನ್ನು ತುಂಬುವ ವಸ್ತು ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಒಂದು ಮರೀನಾದಲ್ಲಿ ಬೋಟ್ ಕಟ್ಟುವ ಜಾಗಗಳು, ಅಂದರೆ ಸ್ಲಿಪ್‌ಗಳು, ನೂರಿದ್ದರೆ ಅದರಲ್ಲಿ ಹತ್ತಕ್ಕಿಂತ ಜಾಸ್ತಿ ಬೋಟ್‌ಗಳಲ್ಲಿ ಜನ ವಾಸ ಮಾಡುವಂತಿಲ್ಲ. ಆ ಹತ್ತು ಯಾವಾಗಲೂ ಭರ್ತಿ. ಸರತಿ ಉದ್ದ ಇರುತ್ತದೆ.

‘ಸುಮ್ನೆ ಸ್ಲಿಪ್ ತಗೊಂಡು ಇದ್ದುಬಿಡಿ, ಯಾರು ಕೇಳ್ತಾರೆ’ ಅಂತ ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ರಾತ್ರಿ ದೀಪ ಉರಿಯುವುದು, ದಿನಾ ಅದೇ ಕಾರು ನಿಲ್ಲುವುದು, ಗೇಟಿನ ಕಾರ್ಡ್ ಬಳಕೆ, ಎಲ್ಲವೂ ಮರೀನಾ ಕಚೇರಿಗೆ ಗೊತ್ತಾಗುತ್ತದೆ. ಬಿಡಿ ಅಂತ ನೋಟಿಸ್ ಬಂದರೆ ಮನೆಯೂ ಹೋಯಿತು, ಬೋಟ್ ಕಟ್ಟುವ ಜಾಗವೂ ಹೋಯಿತು. ಲಂಗರು ಹಾಕಿಕೊಂಡು ಬಾಡಿಗೆ ಇಲ್ಲದೆ ಇರುತ್ತೇವೆ ಅನ್ನುವುದೂ ಆಗದ ಮಾತು. ಸಾಸಲೀಟೊ ಪಕ್ಕದ ರಿಚರ್ಡ್‌ಸನ್ ಕೊಲ್ಲಿಯಲ್ಲಿ ಹಾಗೆ ಇದ್ದವರನ್ನು ಕೆಲವು ವರ್ಷಗಳಿಂದ ತೆರವು ಮಾಡುತ್ತಿದ್ದಾರೆ. ಅಲ್ಲಿ ಲಂಗರು ಹಾಕಲು 72 ಗಂಟೆಯ ಮಿತಿ ಇದೆ. ಲಂಗರಿನ ಸರಪಳಿ ತಳದಲ್ಲಿ ಬೆಳೆಯುವ ಈಲ್‌ಗ್ರಾಸ್ ಹುಲ್ಲನ್ನು ಉಜ್ಜಿ ಹಾಕುತ್ತದೆ, ಮೀನು ಮೊಟ್ಟೆ ಇಡುವ ಜಾಗ ಅದು.

ಹಾಗಾಗಿ ಈಗಲೇ ಅಲಮೀಡಾ, ಓಕ್ಲೆಂಡ್, ಎಮೆರಿವಿಲ್, ಬರ್ಕ್ಲಿ, ಬ್ರಿಸ್ಬೇನ್ ಕಡೆಯ ಮರೀನಾಗಳಿಗೆ ಒಂದೊಂದಾಗಿ ಹೋಗಿ. ಫೋನಿನಲ್ಲಿ ಕೇಳಿದರೆ ಇಲ್ಲ ಅಂತಲೇ ಬರುತ್ತದೆ, ಮುಖ ತೋರಿಸಿ ಹೆಸರು ಬರೆಸಿ. ಯಾವ ಉದ್ದದ ಸ್ಲಿಪ್‌ನ ಸರತಿ ಬೇಗ ಚಲಿಸುತ್ತದೆ ಅಂತ ಕೇಳಿ. ವಾಸಕ್ಕೆ ತಿಂಗಳಿಗೆ ಹೆಚ್ಚುವರಿ ಎಷ್ಟು, ಬೋಟ್‌ನ ವಯಸ್ಸಿಗೆ ಮಿತಿ ಇದೆಯಾ, ಎಷ್ಟು ಡಾಲರಿನ ವಿಮೆ ಕೇಳುತ್ತೀರಿ ಅಂತಲೂ ಕೇಳಿ. ಬೋಟ್ ಮಾರುವವರ ಸ್ಲಿಪ್ ಬೋಟ್ ಜೊತೆ ನಿಮಗೆ ಬರುತ್ತದೆ ಅಂದುಕೊಳ್ಳಬೇಡಿ. ಬಹಳ ಕಡೆ ಬರುವುದಿಲ್ಲ. ವಾಸದ ಪರವಾನಗಿಯಂತೂ ಆ ವ್ಯಕ್ತಿಗೆ ಕೊಟ್ಟದ್ದು. ‘ಇದು ಲಿವ್-ಅಬೋರ್ಡ್ (ವಾಸ ಮಾಡಬಹುದಾದ) ಸ್ಲಿಪ್’ ಅಂತ ಜಾಹೀರಾತಿನಲ್ಲಿ ಇದ್ದರೂ ಕಚೇರಿಯಲ್ಲೇ ವಿಚಾರಿಸಿ.

ಸರತಿಯಲ್ಲಿರುವ ತಿಂಗಳುಗಳು ದಂಡವಲ್ಲ. ವಾರದ ನಡುವಿನ ಸಂಜೆಗಳಲ್ಲಿ ಬೇಸಿಗೆಯುದ್ದಕ್ಕೂ ಈ ಕೊಲ್ಲಿಯಲ್ಲಿ ಕ್ಲಬ್‌ಗಳು ಸಣ್ಣ ರೇಸ್ ಇಡುತ್ತವೆ. ಹಲವು ಬೋಟ್‌ಗಳಿಗೆ ಕೈಜೋಡಿಸುವವರು ಬೇಕು. ಹೋಗಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್ ಮೂಲಕ 20–25 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿ ಒಳನುಗ್ಗುತ್ತದೆ. ಒಳನಾಡಿನ ಕಣಿವೆ ಬಿಸಿಯಾಗಿ ಗಾಳಿ ಮೇಲೇರುತ್ತದೆ, ಅದರ ಜಾಗ ತುಂಬಲು ಸಮುದ್ರದ ತಂಪು ಗಾಳಿ ಆ ಒಂದೇ ಬಾಗಿಲಿನಿಂದ ಬರುತ್ತದೆ. ಆ ಗಾಳಿಯಲ್ಲಿ ಬೇರೆಯವರ ಡೆಕ್ ಮೇಲೆ ನಿಂತು ಹಗ್ಗ ಎಳೆದರೆ ನಿಮ್ಮ ಬೆನ್ನು, ಮೊಣಕಾಲು ಎಷ್ಟು ತಡೆಯುತ್ತದೆ, ಎಂಥ ಬೋಟ್ ಇಬ್ಬರ ಕೈಗೆ ಬಗ್ಗುತ್ತದೆ ಅಂತ ಗೊತ್ತಾಗುತ್ತದೆ. ಮೊದಲ ಹಂತದ ಕೋರ್ಸ್‌ನಲ್ಲಿ ಇದು ಸಿಗುವುದಿಲ್ಲ.

ಈಗ ಬೋಟ್‌ಗಳ ವಿಷಯ.

ಮಾರ್ಗನ್ ಔಟ್ ಐಲ್ಯಾಂಡ್ 41 ನಿಮ್ಮ ಮನಸ್ಸಿಗೆ ಏಕೆ ಹಿಡಿಸಿತು ಅಂತ ನನಗೆ ಅರ್ಥವಾಗುತ್ತದೆ. ಒಳಗೆ ನಿಂತರೆ ಬೆಂಗಳೂರಿನ ಸಣ್ಣ ಫ್ಲಾಟ್ ಥರ ಇದೆ. ಹಿಂದೊಂದು ಕೋಣೆ, ಮುಂದೊಂದು ಕೋಣೆ, ಎರಡು ಬಾತ್‌ರೂಮ್, ಮಗಳು ಬಂದರೂ ಇಕ್ಕಟ್ಟಿಲ್ಲ. ಚಾರ್ಲಿ ಮಾರ್ಗನ್ ಇದನ್ನು 1970ರ ದಶಕದ ಶುರುವಿನಲ್ಲಿ ಬಾಡಿಗೆಗೆ ಬಿಡುವ ಬೋಟ್ ಆಗಿ, ಬಿಸಿಲಿನ ದ್ವೀಪಗಳ ಆಳವಿಲ್ಲದ ನೀರಿಗಾಗಿ ಮಾಡಿದರು. ಸುಮಾರು 27,000 ಪೌಂಡ್ ತೂಕ, ಸುಮಾರು 14 ಅಡಿ ಅಗಲ, ನೀರಿನೊಳಗೆ ಇಳಿಯುವುದು 4 ಅಡಿ ಚಿಲ್ಲರೆ ಮಾತ್ರ. ಅಲ್ಲಿಗೆ ಅದು ಒಳ್ಳೆಯ ಬೋಟ್. ಆದರೆ ಅಗಲ ಜಾಸ್ತಿ. ಕೀಲ್, ಅಂದರೆ ತಳದಿಂದ ನೀರೊಳಗೆ ಇಳಿದಿರುವ ಭಾರದ ರೆಕ್ಕೆ, ಗಿಡ್ಡ. ಹಾಗಾಗಿ ಎದುರುಗಾಳಿಗೆ ಓರೆಯಾಗಿ ಏರಿ ಹೋಗುವುದು ಅದಕ್ಕೆ ಬಹಳ ಕಷ್ಟ. ಮುಂದೆ ಹೋಗುತ್ತಾ ಪಕ್ಕಕ್ಕೂ ಜಾರುತ್ತದೆ.

ನಿಮ್ಮ ಕರಾವಳಿಯಲ್ಲಿ ಇದೇ ಮುಖ್ಯವಾದ ಗುಣ. ಗಾಳಿಯೂ ಅಲೆಯೂ ವಾಯವ್ಯದಿಂದ ಬರುತ್ತವೆ. ಮಾಂಟೆರೆಗೆ ಹೋಗುವಾಗ ಬೆನ್ನಿಗೆ ಗಾಳಿ, ಹಬ್ಬ. ವಾಪಸ್ ಬರುವಾಗ ಅದೇ ಗಾಳಿ ಮುಖಕ್ಕೆ. ಗೋಲ್ಡನ್ ಗೇಟ್‌ನಿಂದ ಹಾಫ್ ಮೂನ್ ಬೇಯ ಪಿಲ್ಲರ್ ಪಾಯಿಂಟ್ ಬಂದರಿಗೆ 20–25 ನಾಟಿಕಲ್ ಮೈಲಿ. ಹೋಗುವಾಗ ನಾಲ್ಕೈದು ಗಂಟೆ. ಮಾರ್ಗನ್‌ನಲ್ಲಿ ವಾಪಸ್ ಬರುವುದು ಅಂದರೆ ಪೂರ್ತಿ ಎಂಜಿನ್ ಕೆಲಸ, ಅಲೆಗೆ ಮೂತಿ ಕುಟ್ಟಿಕೊಂಡು. ಐವತ್ತು ವರ್ಷದ ಬೋಟ್‌ನ ಎಂಜಿನ್ ಮೇಲೆ ಅಷ್ಟು ಭಾರ ಹಾಕಬೇಕಾ?

ಇನ್ನು ದುಡ್ಡು. ಹಾಯಿ ಬೋಟ್‌ನ ಖರ್ಚೆಲ್ಲ ಅಡಿ ಲೆಕ್ಕ, ತೂಕದ ಲೆಕ್ಕ. ಸ್ಲಿಪ್ ಬಾಡಿಗೆ ಅಡಿಗೆ ಇಷ್ಟು ಅಂತ. ಬೋಟ್ 41 ಅಡಿ ಇದ್ದು ಸ್ಲಿಪ್ 45 ಅಡಿ ಇದ್ದರೆ 45ಕ್ಕೇ ಕೊಡಬೇಕು. ನೀರಿನಿಂದ ಮೇಲೆತ್ತುವುದು, ತಳ ಉಜ್ಜುವುದು, ಬಣ್ಣ ಎಲ್ಲವೂ ಅಡಿ ಲೆಕ್ಕದಲ್ಲೇ. ಎರಡು ಮಾಸ್ಟ್ ಅಂದರೆ ಎರಡನ್ನೂ ಹಿಡಿದು ನಿಲ್ಲಿಸುವ ತಂತಿಗಳು. ಉಪ್ಪು ನೀರಿನಲ್ಲಿ ಆ ಸ್ಟೇನ್‌ಲೆಸ್ ತಂತಿಗಳನ್ನು 10–15 ವರ್ಷಕ್ಕೊಮ್ಮೆ ಬದಲಿಸಬೇಕು. ಎರಡು ಟಾಯ್ಲೆಟ್ ಅಂದರೆ ಎರಡು ಪಂಪ್, ಎರಡರಷ್ಟು ಪೈಪ್, ಎರಡರಷ್ಟು ವಾಸನೆ. ಈ ಬೆಲೆಗೆ ಮಾರುತ್ತಿದ್ದಾರೆ ಅಂದರೆ ಕೆಲಸ ಬಾಕಿ ಇದೆ ಅಂತಲೇ ತಿಳಿಯಿರಿ. 28,000 ಕೊಟ್ಟು ತಂದ ಮೇಲೆ ಅಷ್ಟೇ ದುಡ್ಡು ಮತ್ತೆ ಸುರಿದರೂ ಅದು ಮುಗಿಯದಿರಬಹುದು.

ನೀವು ಗಂಗೊಳ್ಳಿಯವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಾಗ ಬಂದರಿನಲ್ಲಿ ಬೋಟ್‌ಗಳನ್ನು ಮೇಲೆಳೆದು ಏನೇನು ಮಾಡುತ್ತಾರೆ ಅಂತ ನೋಡಿರುತ್ತೀರಿ. ಕೆರೆಯುವುದು, ಬಣ್ಣ, ಎಂಜಿನ್ ಬಿಚ್ಚುವುದು. ಅಷ್ಟೇ ಕೆಲಸ ಇಲ್ಲೂ ಇದೆ. ಮಾಡುವ ಕೈ ಮಾತ್ರ ನಿಮ್ಮಿಬ್ಬರದು. ಇನ್ನೊಬ್ಬರ ಕೈಯಲ್ಲಿ ಮಾಡಿಸಿದರೆ ಇಲ್ಲಿ ಗಂಟೆ ಲೆಕ್ಕದ ಕೂಲಿ ಕೇಳಿ ಗಾಬರಿಯಾಗುತ್ತದೆ.

ಕ್ಯಾಟಲೀನಾ 30 ಬೇರೆ ಥರದ್ದು. ಫ್ರಾಂಕ್ ಬಟ್ಲರ್ ಅವರ ಕ್ಯಾಲಿಫೋರ್ನಿಯಾದ ಕಂಪನಿ 1970ರ ದಶಕದ ನಡುವಿನಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಮಾಡಿತು. 6,000ಕ್ಕೂ ಜಾಸ್ತಿ ಬೋಟ್ ನೀರಿಗಿಳಿದವು. ಹಾಗಾಗಿ ಇದರ ಪ್ರತಿಯೊಂದು ಕಾಯಿಲೆಯೂ ಎಲ್ಲರಿಗೂ ಗೊತ್ತು, ಮದ್ದೂ ಗೊತ್ತು, ಬಿಡಿಭಾಗವೂ ಸಿಗುತ್ತದೆ. 10,200 ಪೌಂಡ್ ತೂಕ, ಅದರಲ್ಲಿ 4,200 ಪೌಂಡ್ ಕೀಲ್‌ನದ್ದೇ. ಈ ಗಾಳಿಗೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಒಳಗೆ 6 ಅಡಿ 3 ಅಂಗುಲ ಎತ್ತರ, ತಲೆ ಬಗ್ಗಿಸದೆ ಅಡುಗೆ ಮಾಡಬಹುದು. ಅಗಲ 10 ಅಡಿ 10 ಅಂಗುಲ, 30 ಅಡಿಯ ಬೋಟ್‌ಗೆ ಅದು ಧಾರಾಳ. ಇಬ್ಬರು ಅರ್ಧ ಗಂಟೆಯಲ್ಲಿ ಸ್ಲಿಪ್ ಬಿಟ್ಟು ಹಾಯಿ ಏರಿಸಿ ಹೊರಡಬಹುದು. ವಾಸ ಮಾಡುವ ಬೋಟ್‌ಗೆ ಈ ಗುಣ ಬಹಳ ದೊಡ್ಡದು. ಹೊರಡುವುದೇ ದೊಡ್ಡ ಕೆಲಸವಾದರೆ ಬೋಟ್ ಕಟ್ಟೆ ಬಿಡುವುದೇ ಇಲ್ಲ, ತೇಲುವ ಬಾಡಿಗೆ ಮನೆ ಆಗಿಬಿಡುತ್ತದೆ.

ಆ ನಿರ್ದಿಷ್ಟ ಬೋಟ್‌ನಲ್ಲಿ ನೋಡಬೇಕಾದ್ದು ಇವು.

ಮೊದಲು ಮಾಸ್ಟ್‌ನ ಬುಡ. ಇದರಲ್ಲಿ ಮಾಸ್ಟ್ ಡೆಕ್ ಮೇಲೆ ಕೂತಿರುತ್ತದೆ. ಅದರ ಭಾರವನ್ನು ಕ್ಯಾಬಿನ್ ಒಳಗಿನ ಒಂದು ಕಂಬ ಹೊರುತ್ತದೆ. ಆ ಕಂಬದ ಕೆಳಗೆ, ಬಿಲ್ಜ್‌ನಲ್ಲಿ, ಅಂದರೆ ನೆಲಹಲಗೆಯ ಅಡಿಯ ತಗ್ಗಿನಲ್ಲಿ, ಒಂದು ಮರದ ತುಂಡು ಇದೆ. ಡೆಕ್ ಒಳಗೂ ಪ್ಲೈವುಡ್ ಇದೆ. ನಲವತ್ತು ವರ್ಷ ನೀರು ಜಿನುಗಿದರೆ ಎರಡೂ ಮೆತ್ತಗಾಗುತ್ತವೆ. ಪತ್ತೆ ಮಾಡುವುದು ಸುಲಭ. ಬಾತ್‌ರೂಮಿನ ಬಾಗಿಲು ಹಾಕಿ ತೆಗೆಯಿರಿ. ಮೇಲ್ಗಡೆ ಉಜ್ಜುತ್ತಿದ್ದರೆ, ಅಥವಾ ಯಾರೋ ಬಾಗಿಲಿನ ತುದಿಯನ್ನು ಹತ್ತರಿ ಹಿಡಿದು ಸವರಿದ ಗುರುತಿದ್ದರೆ, ಡೆಕ್ ಕುಸಿದಿದೆ. ಮೇಲೆ ಹತ್ತಿ ಮಾಸ್ಟ್ ಬುಡದ ಅಕ್ಕಪಕ್ಕ ಒಂದು ನೇರ ಪಟ್ಟಿ ಇಟ್ಟು ನೋಡಿ, ಅಡಿಯಲ್ಲಿ ಬೆಳಕು ಕಾಣುತ್ತದಾ ಅಂತ. ದುರಸ್ತಿ ಆಗದ್ದೇನಲ್ಲ. ಮಾಸ್ಟ್ ಇಳಿಸಿ ಮಾಡಬೇಕು. ಬೆಲೆಯಲ್ಲಿ ಅದು ಕಡಿಮೆ ಆಗಬೇಕು.

ಎರಡನೆಯದು ಕೀಲ್. ಬೋಟ್ ಮೇಲೆತ್ತಿದಾಗ ಕೀಲ್ ಒಡಲಿಗೆ ಸೇರುವ ಜಾಗದಲ್ಲಿ, ಮುಂಭಾಗದಲ್ಲಿ, ಬಾಯಿ ತೆರೆದಂಥ ಬಿರುಕು ಕಾಣಬಹುದು. ಇದನ್ನು ಇಲ್ಲಿ ‘ಕ್ಯಾಟಲೀನಾ ಸ್ಮೈಲ್’ ಅನ್ನುತ್ತಾರೆ. ಕೂದಲೆಳೆಯಷ್ಟಿದ್ದರೆ ಬೋಲ್ಟ್ ಬಿಗಿ ಮಾಡಿ, ಬಿರುಕು ಕೆರೆದು, ತುಂಬಿ ಮುಂದುವರಿಯಬಹುದು. ಅಲ್ಲಿಂದ ಕಂದು ನೀರು ಒಸರುತ್ತಿದ್ದರೆ ಬೇರೆ ಕಥೆ. 1980ರ ದಶಕದ ಬಹುಪಾಲು ಬೋಟ್‌ಗಳಲ್ಲಿ ಕೀಲ್ ಮೇಲಿನ ಫೈಬರ್‌ಗ್ಲಾಸ್ ಭಾಗದೊಳಗೆ ಪ್ಲೈವುಡ್ ಇಟ್ಟಿದ್ದರು. ಅದು ಕೊಳೆತರೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಹಿಡಿತ ಇಲ್ಲ. ಒಳಗಿನಿಂದ ಬಿಲ್ಜ್ ಮುಚ್ಚಳ ತೆಗೆದು ಬೋಲ್ಟ್‌ಗಳ ನಟ್ ಮತ್ತು ವಾಷರ್ ನೋಡಿ. ಮೇಲ್ಮೈ ತುಕ್ಕು ಇರುತ್ತದೆ, ಪರವಾಗಿಲ್ಲ. ನಟ್‌ನ ಮೂಲೆಗಳೇ ಸವೆದು ಗುಂಡಗಾಗಿದ್ದರೆ ಕೈಬಿಡಿ.

ಮೂರನೆಯದು ಎಂಜಿನ್. ಹಳೆಯ ಕ್ಯಾಟಲೀನಾಗಳಲ್ಲಿ ಆಟಾಮಿಕ್ 4 ಎಂಬ ಪೆಟ್ರೋಲ್ ಎಂಜಿನ್ ಇರುತ್ತಿತ್ತು. ನೀವು ಅದೇ ಬೋಟ್‌ನಲ್ಲಿ ಮಲಗುವವರು, ಅಡುಗೆ ಮಾಡುವವರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲಿ ಕೂರುತ್ತದೆ. ಪೆಟ್ರೋಲ್ ಎಂಜಿನ್ ಇದ್ದರೆ ಬೇಡ. 1984ರದ್ದರಲ್ಲಿ ಬಹುಶಃ ಯೂನಿವರ್ಸಲ್ ಡೀಸೆಲ್ ಇರುತ್ತದೆ. ಅದರ ಮೂಲ ಕುಬೋಟಾ, ಹೌದು, ಟ್ರ್ಯಾಕ್ಟರ್ ಮಾಡುವ ಅದೇ ಕುಬೋಟಾ. ಚೆನ್ನಾಗಿ ನೋಡಿಕೊಂಡರೆ ಸಾವಿರಾರು ಗಂಟೆ ಓಡುತ್ತದೆ. ಆದರೆ 11 ಅಶ್ವಶಕ್ತಿಯದ್ದಾ, 21ರದ್ದಾ ಅಂತ ಕೇಳಿ. ಗೋಲ್ಡನ್ ಗೇಟ್‌ನಲ್ಲಿ ದೊಡ್ಡ ಇಳಿತದ ದಿನ ನೀರು 5 ನಾಟ್ ವೇಗದಲ್ಲಿ ಹೊರಗೆ ಹರಿಯುತ್ತದೆ. ಈ ಬೋಟ್‌ನ ನೀರಿನ ಮಟ್ಟದ ಉದ್ದ 25 ಅಡಿ, ಅದರ ಲೆಕ್ಕಕ್ಕೆ ಗರಿಷ್ಠ ವೇಗವೇ ಸುಮಾರು 6.7 ನಾಟ್. 11 ಅಶ್ವಶಕ್ತಿಯಲ್ಲಿ, ಎದುರು ಅಲೆಯಿದ್ದರೆ, ಅಷ್ಟೂ ಸಿಗುವುದಿಲ್ಲ. ಸೇತುವೆ ಕೆಳಗೆ ನಿಂತಲ್ಲೇ ನಿಂತಿರುತ್ತೀರಿ.

ಎಂಜಿನ್ ನೋಡಲು ಹೋದಾಗ ಶುರು ಮಾಡುವ ಮೊದಲು ಕೈಯಿಟ್ಟು ಮುಟ್ಟಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವ ಎಂಜಿನ್ ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಆಮೇಲೆ ನೀರಿನಲ್ಲಿ ಓಡಿಸುವಾಗ ಪೂರ್ತಿ ವೇಗದಲ್ಲಿ ಹತ್ತು ಹದಿನೈದು ನಿಮಿಷ ಬಿಡಿ. ತಾಪದ ಮುಳ್ಳು ಏರುತ್ತಲೇ ಹೋದರೆ ತಂಪು ಮಾಡುವ ಭಾಗ ಕಟ್ಟಿಕೊಂಡಿದೆ. ನೀಲಿ ಹೊಗೆ ಅಂದರೆ ಎಣ್ಣೆ ಉರಿಯುತ್ತಿದೆ. ಇನ್ನೊಂದು ಸಣ್ಣ ವಿಷಯ: ಆ ಕಾಲದ ಯೂನಿವರ್ಸಲ್ ಎಂಜಿನ್‌ನಿಂದ ಪ್ಯಾನಲ್‌ಗೆ ಹೋಗುವ ವೈರಿಂಗ್ ಮಧ್ಯೆ ಟ್ರೇಲರ್‌ಗೆ ಹಾಕುವಂಥ ರಬ್ಬರ್ ಪ್ಲಗ್‌ಗಳಿವೆ. ಬ್ಯಾಟರಿ ಚಾರ್ಜ್ ಆಗುವ ಇಡೀ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಪಿನ್ ಕರಗಿದ, ಕಪ್ಪಾದ ಪ್ಲಗ್‌ಗಳು ಸಾಮಾನ್ಯ. ಅದನ್ನು ಕತ್ತರಿಸಿ ಸರಿಯಾದ ಜೋಡಣೆ ಮಾಡಿದ್ದರೆ ಹಿಂದಿನ ಮಾಲೀಕರಿಗೆ ಕಾಳಜಿ ಇತ್ತು ಅಂತ ಅರ್ಥ. ನಾನು ಬೋಟ್ ನೋಡಲು ಹೋದರೆ ಹೊಳೆಯುವ ಮರಗೆಲಸಕ್ಕಿಂತ ಇಂಥದ್ದನ್ನೇ ಹುಡುಕುತ್ತೇನೆ.

ಒಡಲಿನಿಂದ ನೀರು ಒಳಬರುವ, ಹೊರಹೋಗುವ ರಂಧ್ರಗಳ ವಾಲ್ವ್‌ಗಳನ್ನು ಒಂದೊಂದಾಗಿ ತಿರುಗಿಸಿ. ಹಳೆಯ ಕ್ಯಾಟಲೀನಾದಲ್ಲಿ ನಲ್ಲಿಯಂಥ ದುಂಡು ಹಿಡಿಯ ಹಿತ್ತಾಳೆ ಗೇಟ್ ವಾಲ್ವ್ ಇರುತ್ತಿತ್ತು. ಉಪ್ಪು ನೀರಿನಲ್ಲಿ ಹಿತ್ತಾಳೆಯ ಸತು ಕರಗಿಹೋಗಿ ಅದು ಪುಡಿಯಾಗುತ್ತದೆ. ಅವು ಇನ್ನೂ ಇದ್ದರೆ ಕಂಚಿನ ಸೀಕಾಕ್ ವಾಲ್ವ್‌ಗೆ ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಕಟ್ಟಿದ ಜಾಗದಲ್ಲೇ ಬೋಟ್ ಮುಳುಗುವುದಕ್ಕೆ ಇಂಥ ಒಂದು ವಾಲ್ವ್ ಸಾಕು.

ಇಷ್ಟು ನೀವೇ ನೋಡಬಹುದು. ಇಷ್ಟರಲ್ಲಿ ಪಾಸಾದರೆ ಮಾತ್ರ, ಬೋಟ್ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್‌ಗೆ ದುಡ್ಡು ಕೊಡಿ. ಸ್ಯಾಮ್ಸ್ (SAMS) ಅಥವಾ ನ್ಯಾಮ್ಸ್ (NAMS) ಎಂಬ ಸರ್ವೇಯರ್ ಸಂಘದ ಮಾನ್ಯತೆ ಇರುವವರನ್ನು ನೀವೇ ಆರಿಸಿ, ಮಾರುವವರೋ ದಲ್ಲಾಳಿಯೋ ಹೇಳಿದವರನ್ನಲ್ಲ. ಬೋಟ್ ನೀರಿನಿಂದ ಮೇಲಿದ್ದಾಗಲೇ ನೋಡಿಸಿ, ಆ ದಿನ ರಜೆ ಹಾಕಿ ಜೊತೆಗೇ ಇರಿ. ಅವರು ಸಣ್ಣ ಸುತ್ತಿಗೆಯಲ್ಲಿ ಡೆಕ್ ತಟ್ಟುತ್ತಾ ಹೋಗುವಾಗ ಗಟ್ಟಿ ಜಾಗದ ಸದ್ದು, ಒಳಗೆ ಕೊಳೆತ ಜಾಗದ ಮಂಕು ಸದ್ದು ನಿಮ್ಮ ಕಿವಿಗೂ ಬೀಳುತ್ತದೆ. ಮುಂದೆ ನಿಮ್ಮ ಬೋಟನ್ನು ನೀವೇ ತಟ್ಟಿ ನೋಡಲು ಬರುತ್ತದೆ. ಹಳೆಯ ಬೋಟ್‌ಗೆ ವಿಮೆ ಕಂಪನಿ ಹೇಗೂ ಈ ವರದಿ ಕೇಳುತ್ತದೆ. ಮಾಸ್ಟ್ ಮತ್ತು ತಂತಿಗಳಿಗೆ ರಿಗ್ಗರ್ ಒಬ್ಬರು ಬೇರೆಯಾಗಿ ಬೇಕು, ಸರ್ವೇಯರ್‌ಗಳು ಸಾಮಾನ್ಯವಾಗಿ ಮಾಸ್ಟ್ ಹತ್ತುವುದಿಲ್ಲ.

ಕಾಗದಪತ್ರದಲ್ಲಿ ಗ್ರೀನ್ ಕಾರ್ಡ್‌ನವರಿಗೆ ಒಂದು ತೊಡಕಿದೆ, ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದಲ್ಲಿ ದೊಡ್ಡ ಬೋಟ್‌ಗಳನ್ನು ಕೋಸ್ಟ್ ಗಾರ್ಡ್‌ನಲ್ಲಿ ದಾಖಲಿಸುವ ಪದ್ಧತಿ ಇದೆ. ಆ ದಾಖಲೆ ನಾಗರಿಕರಿಗೆ ಮಾತ್ರ. ಗ್ರೀನ್ ಕಾರ್ಡ್, ಎಚ್-1ಬಿ ಇರುವವರಿಗೆ ಸಿಗುವುದಿಲ್ಲ. ಅದಕ್ಕೇನೂ ಚಿಂತೆ ಬೇಡ, ರಾಜ್ಯದ ವಾಹನ ಇಲಾಖೆಯಾದ ಡಿಎಂವಿಯಲ್ಲಿ ನೋಂದಣಿ ಮಾಡಿಸಿ ಸಿಎಫ್ ಅಂತ ಶುರುವಾಗುವ ಬೋಟ್ ನಂಬರ್ ಪಡೆದರೆ ಸಾಕು. ಆದರೆ ನೀವು ಕೊಳ್ಳುವ ಬೋಟ್ ಈಗ ಕೋಸ್ಟ್ ಗಾರ್ಡ್ ದಾಖಲೆಯಲ್ಲಿದ್ದರೆ ಅದನ್ನು ಅಲ್ಲಿಂದ ತೆಗೆಸಿದ ಪತ್ರ ಮೊದಲು ಬೇಕು. ದುಡ್ಡು ಕೊಡುವ ಮೊದಲೇ ಇದನ್ನು ಮಾರುವವರ ಜವಾಬ್ದಾರಿ ಅಂತ ಒಪ್ಪಂದದಲ್ಲಿ ಬರೆಸಿ. ಬೋಟ್ ಮೇಲೆ ಸಾಲ ಬಾಕಿ ಇದೆಯಾ, ಸ್ಲಿಪ್ ಬಾಡಿಗೆ ಬಾಕಿ ಇದೆಯಾ ಅಂತಲೂ ನೋಡಿ. ನಾಗರಿಕರಲ್ಲದವರು ಮನೆ ಬದಲಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ವಿಳಾಸ ತಿಳಿಸಬೇಕು. ಬೋಟ್‌ಗೆ ಹೋಗುವುದೂ ಮನೆ ಬದಲಿಸಿದಂತೆಯೇ. ಮರೀನಾ ನಿಮ್ಮ ಅಂಚೆ ತಗೊಳ್ಳುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಎಂಜಿನ್ ಇರುವ ಬೋಟ್ ನಡೆಸುವವರಿಗೆ ಕ್ಯಾಲಿಫೋರ್ನಿಯಾ ಬೋಟರ್ ಕಾರ್ಡ್ ಬೇಕು. 2025ರಿಂದ ಎಲ್ಲ ವಯಸ್ಸಿನವರಿಗೂ ಕಡ್ಡಾಯ. ಇಬ್ಬರೂ ಮಾಡಿಸಿ.

ವಾಸದ ಬಗ್ಗೆ ನೀವು ಹೆಚ್ಚು ಕೇಳಿಲ್ಲ, ಆದರೆ ಜನ ಬೋಟ್ ಬಿಟ್ಟು ಓಡುವುದು ಬಿರುಗಾಳಿಗೆ ಅಲ್ಲ, ತೇವಕ್ಕೆ. ಕೊಲ್ಲಿಯ ನೀರು ವರ್ಷವಿಡೀ ತಣ್ಣಗೆ, ಹತ್ತರಿಂದ ಹದಿನೈದು ಹದಿನೆಂಟು ಡಿಗ್ರಿ. ಒಳಗೆ ಇಬ್ಬರ ಉಸಿರು, ಅಡುಗೆಯ ಹಬೆ. ತೆಳು ಫೈಬರ್‌ಗ್ಲಾಸ್ ಗೋಡೆಗೆ ತಗಲಿ ಎಲ್ಲ ನೀರಾಗುತ್ತದೆ. ಒಂದು ತಿಂಗಳಲ್ಲಿ ಹಾಸಿಗೆಯ ಅಡಿ ಕಪ್ಪು ಬೂಸ್ಟು. ಹಾಸಿಗೆ ಕೆಳಗೆ ಪಟ್ಟಿ ಹಾಕಿ ಗಾಳಿಯಾಡುವಂತೆ ಎತ್ತರಿಸಿ. ಒಂದು ಸಣ್ಣ ಡಿಹ್ಯುಮಿಡಿಫೈಯರ್ ಇಡಿ. ಬಟ್ಟೆಯನ್ನು ಗೋಡೆಗೆ ತಾಗಿಸಿ ತುಂಬಬೇಡಿ.

ನಮ್ಮ ಅಡುಗೆಗೆ ಬೋಟ್ ಒಗ್ಗುತ್ತದೆ, ಸ್ವಲ್ಪ ವ್ಯವಸ್ಥೆ ಬೇಕು. ಕುಕ್ಕರ್ ಇಲ್ಲಿ ಬಹಳ ಒಳ್ಳೆಯ ಪಾತ್ರೆ. ಮುಚ್ಚಳ ಬಿಗಿ ಇರುವುದರಿಂದ ಬೋಟ್ ಓಲಾಡಿದರೂ ಬಿಸಿ ಸಾರು ಮೈಮೇಲೆ ಚೆಲ್ಲುವುದಿಲ್ಲ, ಇಂಧನ ಉಳಿಯುತ್ತದೆ. ಮೂರು ಸೀಟಿ ಆಗುವಾಗ ಮೇಲಿನ ಹ್ಯಾಚ್ ಕಿಂಡಿ ತೆಗೆದಿಡಿ, ಹಬೆ ಹೊರಗೆ ಹೋಗಲಿ. ಒಗ್ಗರಣೆ, ಮೀನು ಹುರಿಯುವುದು ಹಿಂಭಾಗದ ತೆರೆದ ಜಾಗವಾದ ಕಾಕ್‌ಪಿಟ್‌ನಲ್ಲೇ ಆಗಲಿ. ಒಳಗೆ ಮಾಡಿದರೆ ಕುಶನ್‌ಗಳಿಗೆ ಹಿಡಿದ ವಾಸನೆ ಆಫೀಸಿನ ಬಟ್ಟೆಗೂ ಬರುತ್ತದೆ. ಆ ಕಾಲದ ಕ್ಯಾಟಲೀನಾಗಳಲ್ಲಿ ಒತ್ತಡದ ಆಲ್ಕೊಹಾಲ್ ಒಲೆ ಇರುತ್ತಿತ್ತು, ಅದಿದ್ದರೆ ತೆಗೆದುಹಾಕಿ. ಗ್ಯಾಸ್ ಹಾಕಿಸುವುದಾದರೆ ಸಿಲಿಂಡರ್ ಕ್ಯಾಬಿನ್ ಒಳಗೆ ಯಾವ ಕಾರಣಕ್ಕೂ ಬೇಡ. ಪ್ರೊಪೇನ್ ಸೋರಿದರೆ ಕೆಳಗಿಳಿದು ಬಿಲ್ಜ್‌ನಲ್ಲಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಹೊರಗೆ ತೆರೆಯುವ, ಒಳಗಿನಿಂದ ಪೂರ್ತಿ ಮುಚ್ಚಿದ ಪೆಟ್ಟಿಗೆ ಬೇಕು. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಎರಡಕ್ಕೂ ಅಲಾರಂ ಇಡಿ.

ಕಟ್ಟೆಯಿಂದ ಬರುವ ಕರೆಂಟ್ 30 ಆಂಪಿಯರ್. 120 ವೋಲ್ಟ್‌ಗೆ ಗುಣಿಸಿದರೆ 3,600 ವಾಟ್. ಸತತವಾಗಿ ಅದರ 80 ಶೇಕಡಾ, ಅಂದರೆ 2,900 ವಾಟ್ ಆಸುಪಾಸು ಮೀರಬಾರದು. 1,500ರ ಹೀಟರ್ ಜೊತೆಗೆ ಇಂಡಕ್ಷನ್ ಒಲೆ ಹಚ್ಚಿದರೆ ಅಲ್ಲಿಗೆ ಮುಗಿಯಿತು. ಬೋಟ್‌ನ ಪಕ್ಕದಲ್ಲಿ ಕೇಬಲ್ ಸಿಕ್ಕಿಸುವ ಜಾಗ ಇದೆಯಲ್ಲ, ಅಲ್ಲಿ ಕಂದು ಕಲೆ ಇದೆಯಾ ನೋಡಿ. ಸುಟ್ಟ ಗುರುತು ಅದು. ಬೋಟ್ ಬೆಂಕಿ ಹತ್ತುವ ಸಾಮಾನ್ಯ ಜಾಗಗಳಲ್ಲಿ ಅದೂ ಒಂದು. ಕೊಂಡ ವಾರವೇ ಆ ಸಾಕೆಟ್ ಬದಲಿಸಿ.

ಟಾಯ್ಲೆಟ್ ತೊಟ್ಟಿಯನ್ನು ಮರೀನಾದ ಪಂಪ್-ಔಟ್‌ನಲ್ಲೇ ಖಾಲಿ ಮಾಡಬೇಕು. ದಡದಿಂದ 3 ನಾಟಿಕಲ್ ಮೈಲಿ ಒಳಗೆ ಸಂಸ್ಕರಿಸದ್ದನ್ನು ನೀರಿಗೆ ಬಿಡುವುದು ಅಪರಾಧ. ಹಳೆಯ ಪೈಪ್ ಮೇಲೆ ಒದ್ದೆ ಬಟ್ಟೆ ಉಜ್ಜಿ ಮೂಸಿ ನೋಡಿ, ನಾತ ಬಂದರೆ ರಬ್ಬರ್ ಒಳಗೇ ಹಿಡಿದಿದೆ, ಪೈಪ್ ಬದಲಿಸಬೇಕು.

ಕರಾವಳಿ ಪಯಣದ ಬಗ್ಗೆ ಎರಡು ಮಾತು. ಕ್ಯಾಟಲೀನಾ 30ರ ಕಾಕ್‌ಪಿಟ್ ದೊಡ್ಡದು, ಕ್ಯಾಬಿನ್‌ಗೆ ಇಳಿಯುವ ಬಾಗಿಲ ಹೊಸ್ತಿಲು ತಗ್ಗು. ಹಿಂದಿನಿಂದ ಅಲೆ ಬಿದ್ದರೆ ನೀರು ಒಳಗೆ ಹೋಗುತ್ತದೆ. ಗೋಲ್ಡನ್ ಗೇಟ್ ದಾಟಿದ ಮೇಲೆ ಬಾಗಿಲಿನ ಕೆಳಹಲಗೆ ಹಾಕಿಯೇ ಇರಲಿ. ಹೊರಟರೆ ಇಳಿತದ ಕೊನೆಯ ಭಾಗದಲ್ಲಿ, ಬೆಳಗ್ಗೆ ಗಾಳಿ ಏಳುವ ಮೊದಲು ಹೊರಡಿ. ಇಳಿತದ ನೀರು ಹೊರಗೆ ಹೋಗುವಾಗ ಪಶ್ಚಿಮದ ಗಾಳಿ ಒಳಗೆ ಬಂದರೆ ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ಉತ್ತರದ ಪಕ್ಕದಲ್ಲಿ ಪೊಟೇಟೊ ಪ್ಯಾಚ್ ಅನ್ನುವ ಆಳ ಕಡಿಮೆಯ ಜಾಗ ಇದೆ, ದೊಡ್ಡ ಅಲೆಯಿದ್ದ ದಿನ ಅದರ ಹತ್ತಿರ ಸುಳಿಯಬೇಡಿ. ಪಿಲ್ಲರ್ ಪಾಯಿಂಟ್‌ಗೆ ಒಳಹೋಗುವಾಗ ಮೇವರಿಕ್ಸ್ ಬಂಡೆಗಳಿಂದ ದೂರ ಹೋಗಿ, ದಾರಿ ತೋರಿಸುವ ತೇಲುಗುರುತುಗಳನ್ನು (ಬಾಯ್) ಸುತ್ತಿ ಬನ್ನಿ, ಅಡ್ಡದಾರಿ ಬೇಡ. ಬೇಸಿಗೆಯ ಮಂಜಿನಲ್ಲಿ ಹಡಗುಗಳ ದಾರಿಯಲ್ಲಿರುವಾಗ ರೇಡಿಯೊದಲ್ಲಿ ಚಾನೆಲ್ 14 ಕೇಳುತ್ತಿರಿ, ಯಾವ ಹಡಗು ಎಲ್ಲಿದೆ ಅಂತ ಗೊತ್ತಾಗುತ್ತದೆ. ಮಾಂಟೆರೆ ಮೊದಲ ವರ್ಷ ಬೇಡ. ಕೊಲ್ಲಿಯೊಳಗೆ ಒಂದು ಬೇಸಿಗೆ, ಆಮೇಲೆ ಹಾಫ್ ಮೂನ್ ಬೇ ಕೆಲವು ಸಲ, ಅಷ್ಟರಲ್ಲಿ ಬೋಟ್ ನಿಮಗೆ ಅರ್ಥವಾಗಿರುತ್ತದೆ.

ಇಬ್ಬರೂ ಪೂರ್ತಿ ಅದರಲ್ಲೇ ಇರುತ್ತೀರಿ, ಮಗಳೂ ಬರುತ್ತಾಳೆ ಅಂದರೆ 30 ಅಡಿ ಇಕ್ಕಟ್ಟಾಗಬಹುದು. ಸ್ಲಿಪ್ ಸಿಕ್ಕರೆ, ದುಡ್ಡು ಇನ್ನಷ್ಟು ಹಾಕಲು ಸಾಧ್ಯವಾದರೆ, ಕ್ಯಾಟಲೀನಾ 34 ಅಥವಾ 36, ಅಥವಾ ಈ ಕೊಲ್ಲಿಯಲ್ಲಿ ಬಹಳ ಕಾಣುವ ಐಲ್ಯಾಂಡರ್ 36 ನೋಡಿ. 36 ಅಡಿ ದಾಟಬೇಡಿ. ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರೇ ಬೋಟ್ ತಂದು ಕಟ್ಟುವಂತಿರಬೇಕು. ಫ್ರೀಮಾಂಟ್ ಮನೆಯನ್ನೂ ಈಗಲೇ ಬಿಡಬೇಡಿ. ಬಾಡಿಗೆಗೆ ಕೊಡುವುದಾದರೂ ಒಂದು ಚಳಿಗಾಲ ಬೋಟ್‌ನಲ್ಲಿ ಕಳೆದ ಮೇಲೆ ಕೊಡಿ.

ಕೊನೆಗೆ, ಯಾವಾಗ ಕೊಳ್ಳುವುದು ಅಂತ ಕೇಳಿದಿರಿ. ಚಳಿಗಾಲದಲ್ಲೇ ಕೊಳ್ಳಿ, ಕಳೆಯುವವರೆಗೆ ಕಾಯಬೇಡಿ. ಮಾರುವವರಿಗೆ ಇನ್ನೊಂದು ಚಳಿಗಾಲದ ಸ್ಲಿಪ್ ಬಾಡಿಗೆ ಕಟ್ಟಲು ಮನಸ್ಸಿರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜನವರಿ 1ರಂದು ಬೋಟ್ ಯಾರ ಹೆಸರಲ್ಲಿದೆಯೋ ಅವರೇ ಆ ವರ್ಷದ ಆಸ್ತಿ ತೆರಿಗೆ ಕಟ್ಟಬೇಕು, ಹಾಗಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಬೆಲೆ ಇಳಿಸುತ್ತಾರೆ. ಆ ತೆರಿಗೆ ನಿಮ್ಮ ತಲೆಗೆ ಬರುತ್ತದೆ ಅನ್ನುವುದನ್ನು ಚೌಕಾಸಿಯಲ್ಲಿ ಹೇಳಿ. ಕೊಂಡಾಗ ಕಟ್ಟುವ ಮಾರಾಟ ತೆರಿಗೆ ಬೇರೆ, ಅದನ್ನೂ ಸೇರಿಸಿಯೇ ಬಜೆಟ್ ಮಾಡಿ. ‘ಸರ್ವೇ ಮತ್ತು ನೀರಿನ ಪರೀಕ್ಷೆ ಒಪ್ಪಿಗೆಯಾದರೆ ಮಾತ್ರ’ ಅನ್ನುವ ಷರತ್ತಿಲ್ಲದೆ ಮುಂಗಡ ಕೊಡಬೇಡಿ.

ಚಳಿಗಾಲದ ಇನ್ನೊಂದು ಅನುಕೂಲ ಮಳೆ. ಬೇಸಿಗೆಯಲ್ಲಿ ನೋಡಿದರೆ ಎಲ್ಲ ಬೋಟ್‌ಗಳೂ ಒಣಗಿರುತ್ತವೆ. ಒಂದು ರಾತ್ರಿ ಚೆನ್ನಾಗಿ ಮಳೆ ಹೊಡೆದ ಮರುದಿನ ಬೆಳಗ್ಗೆ ಆ ಕ್ಯಾಟಲೀನಾಕ್ಕೆ ಹೋಗಿ. ಮಾಸ್ಟ್ ಹಿಡಿದ ತಂತಿಗಳು ಡೆಕ್‌ಗೆ ಸೇರುವ ಕಡೆ ಕ್ಯಾಬಿನ್ ಒಳಗಿನ ಮರವನ್ನು ಕೈಯಲ್ಲಿ ಸವರಿ. ಕಿಟಕಿಗಳ ಕೆಳಗಿನ ಕುಶನ್‌ಗಳನ್ನು ಎತ್ತಿ, ಅವುಗಳ ಹಿಂಬದಿ ಒದ್ದೆಯಿದೆಯಾ ನೋಡಿ.